ಹಸಿದ ಕೌದಿ

ಅವರ ಮಾಳಾದಲ್ಲಿ, ಮನೆಯ ಅಟ್ಟದಲ್ಲಿ, ಒಂದು ಮೇಣದಬತ್ತಿ ಇತ್ತು. ಅದನ್ನು ಯಾರೂ ಹಚ್ಚುತ್ತಿರಲಿಲ್ಲ. ಹೆಂಚಿನ ಇಳಿಜಾರು ತಲೆಗೆ ತಾಗುವಷ್ಟು ಕೆಳಗೆ ಬರುವ ಕಡೆ, ತಗಡಿನ ಟ್ರಂಕಿನ ಮೇಲೆ, ಒಂದು ಹಿತ್ತಾಳೆ ಬಟ್ಟಲಲ್ಲಿ ಅದು ನಿಂತಿರುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿದ ಮೇಲೆ ಅವರು ಏಣಿಯ ಅರ್ಧದವರೆಗೆ ಹತ್ತುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ ಅದು ನೆಟ್ಟಗಿದೆಯೇ ಎಂದು ನೋಡುತ್ತಿದ್ದರು. ನೆಟ್ಟಗಿದ್ದರೆ ಇಳಿದು ಬಂದು ಹೊಲಿಗೆಗೆ ಕೂರುತ್ತಿದ್ದರು.

ಈ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಫೋನ್ ಮಾಡಿ ಅಳುತ್ತಾ ಹೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಆ ಬತ್ತಿ. ಅದನ್ನು ಇನ್ನು ಯಾರು ನೋಡುತ್ತಾರೆ ಎಂದುಕೊಂಡೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಾವು ಹೊಲಿದ ಯಾವುದರ ಮೇಲೂ ಅವರು ಹೆಸರು ಹಾಕಿಸಿಕೊಂಡವರಲ್ಲ. ದಾದರ್ ಪೂರ್ವದಲ್ಲಿ ಹೆಂಗಸರಿಗಾಗಿ ನಡೆಯುತ್ತಿದ್ದ ಹೊಲಿಗೆ ಕ್ಲಾಸಿನಲ್ಲಿ ಅವರು ಬಹುಕಾಲ ಟೀಚರಾಗಿದ್ದರು. ಊರು ಧಾರವಾಡದ ಕಡೆ. ಆ ಕಡೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಕ್ಲಾಸಿನ ಕನ್ನಡದ ಹೆಂಗಸರು ಹಾಗೆ ಕರೆಯುವುದನ್ನು ಕೇಳಿ ಕೇಳಿ ಬಿಲ್ಡಿಂಗಿನ ಮರಾಠಿಯವರು ಅದೇ ಅವರ ಅಡ್ಡಹೆಸರು ಎಂದು ತಿಳಿದು ‘ಅಕ್ಕೋರ್ ಬಾಯಿ’ ಎಂದು ಕರೆಯುತ್ತಿದ್ದರು. ಅವರು ಯಾರನ್ನೂ ತಿದ್ದಲಿಲ್ಲ. ಹೆಸರು ಇರುವುದು ಕರೆಯುವವರ ಅನುಕೂಲಕ್ಕೆ ಎನ್ನುವುದು ಅವರ ಮತ.

ಎತ್ತರದ, ಸಪೂರ ಹೆಂಗಸು. ಯಾವಾಗಲೂ ನೂಲಿನ ಸೀರೆ. ರವಿಕೆಯ ಎಡ ಭುಜದ ಮೇಲೆ ದಾರ ಪೋಣಿಸಿದ ಒಂದು ಸೂಜಿ ಸದಾ ಚುಚ್ಚಿಕೊಂಡಿರುತ್ತಿತ್ತು. ಮದುವೆಗೆ ಹೋದರೂ ಇರುತ್ತಿತ್ತು, ಆಸ್ಪತ್ರೆಗೆ ಹೋದರೂ ಇರುತ್ತಿತ್ತು. ‘ಈಕೆಯನ್ನು ಪ್ರೀತಿಯಿಂದ ಅಪ್ಪಿಕೊಳ್ಳುವ ಹಾಗಿಲ್ಲ, ಚುಚ್ಚುತ್ತಾಳೆ’ ಎಂದು ಕಾಕು ಬಂದವರಿಗೆಲ್ಲ ಎಚ್ಚರಿಕೆ ಕೊಡುತ್ತಿದ್ದರು. ಒಮ್ಮೆ ಲೋಕಲ್‌ನಲ್ಲಿ ನಮ್ಮ ಮುಂದೆ ನಿಂತಿದ್ದ ಹುಡುಗಿಯೊಬ್ಬಳ ಚೀಲದ ಪಟ್ಟಿ ಕಿತ್ತುಬಂದಿತ್ತು. ಅಕ್ಕೋರು ಚೀಲವನ್ನು ತಮ್ಮ ಕಡೆ ಎಳೆದುಕೊಂಡರು. ಗಾಡಿಯ ಕುಲುಕಾಟಕ್ಕೆ ಸರಿಯಾಗಿ ಸೂಜಿಯನ್ನು ಏರಿಸಿ ಇಳಿಸಿ, ಅವಳು ಇಳಿಯುವ ಸ್ಟೇಷನ್ ಬರುವಷ್ಟರಲ್ಲಿ ದಾರವನ್ನು ಹಲ್ಲಿನಲ್ಲಿ ಕಡಿದರು. ಹುಡುಗಿ ಥ್ಯಾಂಕ್ಸ್ ಹೇಳಲು ತಿರುಗುವಾಗ ಇವರು ಆಗಲೇ ಕಿಟಕಿಯ ಹೊರಗೆ ನೋಡುತ್ತಿದ್ದರು.

ನನ್ನ ಅಮ್ಮ ಮದುವೆಯಾದ ಹೊಸದರಲ್ಲಿ, ನಮ್ಮವರು ಇನ್ನೂ ದಾದರ್‌ನಲ್ಲಿದ್ದಾಗ, ಅವರ ಕ್ಲಾಸಿಗೆ ಹೋಗಿದ್ದಳು. ಮೊದಲ ತಿಂಗಳು ಪೂರ್ತಿ ಅವಳಿಗೆ ಬೇರೆಯವರು ಹೊಲಿದದ್ದನ್ನು ಬಿಚ್ಚುವ ಕೆಲಸ ಮಾತ್ರ. ಬಟ್ಟೆಗೆ ಗಾಯವಾಗದಂತೆ ಒಂದೊಂದೇ ಹೊಲಿಗೆಯನ್ನು ಬಿಚ್ಚಬೇಕು. ಅಮ್ಮ ಬೇಸರದಿಂದ ಅತ್ತಳಂತೆ. ಆಗ ಅಕ್ಕೋರು ಹೇಳಿದ್ದನ್ನು ಅಮ್ಮ ಅವರದೇ ಧಾಟಿಯಲ್ಲಿ ನಮಗೆ ಎಷ್ಟೋ ಸಲ ಹೇಳಿದ್ದಾಳೆ: “ಹೊಲಿಯೂದು ಎಲ್ಲಾರೂ ಕಲೀತಾರ. ಬಿಚ್ಚಾಕ ಧೈರ್ಯ ಬೇಕಾಗತದ.”

ನಾನು ಅವರ ಬಳಿ ಹೋದದ್ದು ಹೊಲಿಗೆ ಕಲಿಯಲು ಅಲ್ಲ. ಮಲಗಲು, ಓದಲು ಒಂದು ಜಾಗ ಕೇಳಿಕೊಂಡು.

ನಮ್ಮವರು ಮಂಗಳೂರಿನ ಕಡೆಯವರು, ಮನೆ ಮುಂಬಯಿಯ ಉತ್ತರ ತುದಿಯ ದಹಿಸರ್‌ನಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅತ್ತಿಗೆಯ ಹಸುಗೂಸು, ನಾನು. ಅಪ್ಪ ಅಲ್ಲಿಯೇ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ನಾನು ದಾದರ್‌ಗೆ ಹತ್ತಿರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಸೇರಿದ್ದೆ. ಓದುವುದಕ್ಕೆ ನನಗಿದ್ದ ಜಾಗ ಲೋಕಲ್‌ನ ಬಾಗಿಲ ಬಳಿ ಒಂದು ಕೈಯಗಲ. ಮೊದಲ ಸೆಮಿಸ್ಟರಿನಲ್ಲಿಯೇ ಒಂದು ಪೇಪರ್ ಹೋಯಿತು. ಟ್ಯೂಷನ್ ಕ್ಲಾಸಿನಲ್ಲಿ ಒಂದು ಕೆಲಸ ಉಂಟು, ಮನೆ ಹತ್ತಿರ, ಎರಡನೇ ವರ್ಷ ಯಾಕೆ ಎಂದು ಅಪ್ಪ ಮೆಲ್ಲಗೆ ಹೇಳತೊಡಗಿದರು. ಅವರು ಗದರುವವರಲ್ಲ. ಆದರೆ ಮೆಲ್ಲಗೆ ಹೇಳಿದರೂ ಅವರು ಹೇಳಿದ್ದೇ ನಡೆಯುತ್ತಿತ್ತು.

ಅಕ್ಕೋರ ಬಿಲ್ಡಿಂಗ್ ದಾದರ್‌ನಿಂದ ವಡಾಲದ ಕಡೆ ಹೋಗುವ ದಾರಿಯಲ್ಲಿ ಉಳಿದುಕೊಂಡಿದ್ದ ಹಳೆಯ ಕಟ್ಟಡ. ಮೇಲಿನ ಮಹಡಿಯ ಕೋಣೆಗಳಿಗೆ ಮಂಗಳೂರು ಹೆಂಚಿನ ಮಾಡು. ಆ ಮಾಡಿನ ಕೆಳಗೆ ಹಲಗೆ ಹಾಸಿದ ಅಟ್ಟ. ಮುಂಬಯಿಯವರು ಅದನ್ನೇ ಮಾಳಾ ಎನ್ನುತ್ತಾರೆ. ಊರಿಂದ ಓದಲು, ದುಡಿಯಲು ಬಂದ ಹುಡುಗಿಯರನ್ನು ಅಕ್ಕೋರು ಮೊದಲು ಅಲ್ಲಿ ಇಟ್ಟುಕೊಳ್ಳುತ್ತಿದ್ದರೆಂದು ಅಮ್ಮನಿಗೆ ನೆನಪಿತ್ತು. ಅಪ್ಪನಿಗೆ ಹೇಳದೆ ನನ್ನನ್ನು ಕಳಿಸಿದಳು.

ಅದು ಅಕ್ಟೋಬರ್, ಮುಂಬಯಿಯಲ್ಲಿ ಎರಡನೇ ಬೇಸಿಗೆ. ಅಕ್ಕೋರು ನನಗೆ ನೀರು ಕೊಟ್ಟರು, ಅಮ್ಮನ ಆರೋಗ್ಯ ಕೇಳಿದರು. ನಾನು ಬಂದ ಕಾರಣ ಹೇಳಿದ ಕೂಡಲೇ ತಲೆ ಅಲ್ಲಾಡಿಸಿದರು.

“ಅದು ಖೋಲಿ ಅಲ್ಲ ತಂಗಿ, ಒಲಿ. ಒಲಿಯೊಳಗ ನಾ ಇನ್ನ ಯಾರನ್ನೂ ಮಲಗಸೂದಿಲ್ಲ.”

ಆ ‘ಇನ್ನ’ ಎಂಬ ಮಾತಿನ ಹಿಂದೆ ಏನಿತ್ತೆಂದು ನನಗೆ ಆಮೇಲೆ ಕಾಕು ಹೇಳಿದರು. ಬೆಳಗಾವಿ ಕಡೆಯ ಹುಡುಗಿಯೊಬ್ಬಳು ಆ ಮಾಳಾದಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಒಂದು ಮೇ ತಿಂಗಳಲ್ಲಿ, ಪರೀಕ್ಷೆ ಹತ್ತಿರವಿರುವಾಗ, ಪುಸ್ತಕ ಎದೆಯ ಮೇಲಿಟ್ಟುಕೊಂಡೇ ಸೆಕೆಗೆ ಪ್ರಜ್ಞೆ ತಪ್ಪಿದಳು. ಜೀವಕ್ಕೇನೂ ಆಗಲಿಲ್ಲ. ಆದರೆ ಅವಳ ತಂದೆ ಬಂದು ಊರಿಗೆ ಕರೆದುಕೊಂಡು ಹೋದವರು ತಿರುಗಿ ಕಳಿಸಲಿಲ್ಲ. ಪರೀಕ್ಷೆ ಹೋಯಿತು, ಓದೂ ಹೋಯಿತು. ಅಕ್ಕೋರು ಅವತ್ತೇ ಮಾಳಾದ ಬಾಗಿಲಿಗೆ ಬೀಗ ಹಾಕಿದ್ದರು.

ನಾನು ಹೋದ ಮಾರನೆಯ ದಿನ ಅವರು ಆ ಬೀಗ ತೆಗೆದು ಒಂದು ಮೇಣದಬತ್ತಿಯನ್ನು ಮೇಲೆ ನಿಲ್ಲಿಸಿ ಬಂದಿದ್ದಾರೆ. ಆ ವಾರವೇ ಅಮ್ಮನಿಗೆ ಅವರ ಫೋನ್ ಬಂತು: ಹುಡುಗಿಯನ್ನು ಕಳಿಸು, ಕೆಲಸ ಇದೆ. ನಾನು ಹೋದಾಗ ಏಣಿ ಹತ್ತಿಸಿ ತೋರಿಸಿದರು. ಬತ್ತಿ ನಡುವಿನಲ್ಲಿ ಬಾಗಿ, ತಲೆಯನ್ನು ಟ್ರಂಕಿಗೆ ಹಚ್ಚಿ ಮಲಗಿತ್ತು. “ಈತ ಬಾಗಿದ್ರ ಮನುಷ್ಯಾರು ಬಾಗತಾರ,” ಅಂದರು. “ಮೇ ತಿಂಗಳದಾಗ ಈತ ನೆಟ್ಟಗ ನಿಂತ್ರ ನೀ ಮಲಗು. ಅಲ್ಲೀತನಕ ಹಗಲಿಗೆ ಕೆಳಗ ಕುಂತು ಓದು, ರಾತ್ರಿ ಮನೀಗ ಹೋಗು.”

ವಿಷಯ ಅಪ್ಪನಿಗೂ ತಿಳಿಯಿತು. ಅವರು ಬೇಡವೆನ್ನಲಿಲ್ಲ. ಮೇ ತಿಂಗಳಲ್ಲಿ ಒಂದು ರಜೆ ಹಾಕಿ ತಾವೇ ಬಂದು ಆ ಅಟ್ಟದಲ್ಲಿ ಮಧ್ಯಾಹ್ನ ಮಲಗಿ ನೋಡುವುದಾಗಿ, ತಮಗೆ ಅಲ್ಲಿ ಮಲಗಲು ಆದರೆ ಮಗಳಿಗೂ ಆದೀತೆಂದು, ಆಗದಿದ್ದರೆ ಜೂನ್‌ನಿಂದ ಟ್ಯೂಷನ್ ಕ್ಲಾಸೇ ಸರಿ ಎಂದು ಹೇಳಿದರು. ಹೋಟೆಲಿನ ಅಡುಗೆಮನೆಯ ಬೆಂಕಿಯ ಮುಂದೆ ಬೆಳೆದವರು. ಸೆಕೆಯ ವಿಷಯದಲ್ಲಿ ಅವರಿಗೆ ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ.

ಮೊದಲು ನಡೆದದ್ದು ಬಿಚ್ಚುವ ಕೆಲಸ. ಮಳೆಗಾಲಕ್ಕೆ ಮುನ್ನ ಮಾಡಿನ ಮೇಲೆ ನೀಲಿ ತಾಡಪತ್ರಿ ಹೊದಿಸುವುದು ಈ ಊರಿನ ಪದ್ಧತಿ. ಹಳೆಯದನ್ನು ತೆಗೆಯದೆ ಅದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ಒಳಗಿನಿಂದ ಯಾರೋ ಎಂದೋ ಪ್ಲೈವುಡ್ ಹೊಡೆದಿದ್ದರು. ಪ್ಲೈವುಡ್ಡಿಗೂ ಹೆಂಚಿಗೂ ನಡುವೆ ಪಾರಿವಾಳಗಳ ಸಂಸಾರ. ಅಕ್ಕೋರು ಸೀರೆಯನ್ನು ಕಚ್ಚೆ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಎಲ್ಲವನ್ನೂ ತೆಗೆಸಿದರು. ಬಡಗಿ ಬಂದು ಹೆಂಚನ್ನು ಹೊರುವ ಮರದ ಪಕಾಸಿಗಳಲ್ಲಿ ಮೆತ್ತಗಾಗಿದ್ದವನ್ನು ಬದಲಿಸಿದ. ಒಡೆದ ಹೆಂಚುಗಳ ಬದಲಿಗೆ, ಕೆಡವಿದ ಕಟ್ಟಡವೊಂದರಿಂದ ಹಳೆಯ ಹೆಂಚು ತಂದು ಮಾಡಿನ ಮೇಲೆ ಹೊದಿಸಿದ. ಒಂದರ ಅಡಿಯಲ್ಲಿ ಮಂಗಳೂರು ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿತ್ತು. ನಾನು ಅದನ್ನು ಓದಿ ಹೇಳಿದೆ. ಅಕ್ಕೋರು ಹೆಂಚನ್ನು ಕೈಯಲ್ಲಿ ತಿರುಗಿಸಿ ನೋಡಿ, “ನಿಮ್ಮೂರ ಮಣ್ಣು ನಿನಗಿಂತ ಮೊದಲ ಇಲ್ಲಿ ಬಂದು ಕುಂತದ ನೋಡು,” ಎಂದರು.

ಆಮೇಲೆ ಒಂದು ಊದಿನಕಡ್ಡಿ ಹಚ್ಚಿ ಮಾಳಾದ ನಡುವೆ ಇಟ್ಟು, ಹೊಗೆ ಎತ್ತ ಹೋಗುತ್ತದೆಂದು ಕೂತು ನೋಡಿದರು. ಹೊಗೆ ಮೇಲೇರಿ ಮಾಡಿನ ನೆತ್ತಿಯಲ್ಲಿ ದಾರಿ ಕಾಣದೆ ಸುತ್ತಿ ಸುತ್ತಿ ಕೆಳಗಿಳಿಯಿತು. ಅಲ್ಲಿಯೇ, ಗೋಡೆಯ ತ್ರಿಕೋನದ ತುದಿಯಲ್ಲಿ, ಪಾರಿವಾಳ ನುಗ್ಗದಂತೆ ಜಾಲರಿ ಹಾಕಿಸಿ ಒಂದು ಕಿಂಡಿ ಮಾಡಿಸಿದರು. ಬಿಸಿಗಾಳಿಯನ್ನು ಒಳಗೆ ಬಿಡಬಾರದು ಎಂದು ನಾವೆಲ್ಲ ಯೋಚಿಸುತ್ತಿದ್ದರೆ ಅವರು ಅದಕ್ಕೆ ಹೊರಗೆ ಹೋಗುವ ದಾರಿ ಹುಡುಕುತ್ತಿದ್ದರು.

ಹೆಂಚಿನ ಕೆಳಗೆ ಏನು ಹಾಕುವುದು ಎಂಬ ಪ್ರಶ್ನೆ ಬಂತು. ಹಾರ್ಡ್‌ವೇರ್ ಅಂಗಡಿಯವನು ಥರ್ಮೋಕೋಲ್ ತೋರಿಸಿದ. ಅಕ್ಕೋರು ಅದರ ಒಂದು ಮೂಲೆಯನ್ನು ಉಗುರಿನಿಂದ ಮುರಿದು ಉದುರುವ ಗುಂಡುಗಳನ್ನು ನೋಡಿ, ಇದನ್ನು ಬಿಚ್ಚಿ ಮತ್ತೆ ಹಾಕಲು ಬರುವುದಿಲ್ಲ ಎಂದು ಬೇಡವೆಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಕೌದಿ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಒತ್ತಾಗಿ ಹೊಲಿಯುವ, ಅವರ ಕಡೆಯ ಹೊದಿಕೆ. ಚಳಿಯನ್ನು ತಡೆಯುವುದು ಧಗೆಯನ್ನು ಯಾಕೆ ತಡೆಯಬಾರದು ಎಂದು ಅವರು ಕೇಳಿದರು. ಹೆಂಚಿಗೆ ತಾಗದಂತೆ ಒಂದು ಗೇಣು ಬಿಟ್ಟು, ಮಾಡಿನ ಉದ್ದಕ್ಕೂ ಕೌದಿಯ ಇನ್ನೊಂದು ಮಾಡು. ನಡುವಿನ ಗಾಳಿ ಬಿಸಿಯಾದರೆ ಮೇಲಿನ ಕಿಂಡಿಯಿಂದ ಹೊರಗೆ. ಇದು ಅವರ ಯೋಜನೆ.

ಬಟ್ಟೆಗೆ ಬೆಂಕಿ ತಗುಲಿದರೆ ಎಂದು ನಾನು ಹೆದರಿದೆ. ಬೋರಿಕ್ ಪುಡಿ ಮತ್ತು ಬಿಳಿಗಾರ ಕದಡಿದ ನೀರಿನಲ್ಲಿ ಅದ್ದಿ ಒಣಗಿಸಿದರೆ ಹತ್ತಿ ಸುಲಭಕ್ಕೆ ಉರಿಯುವುದಿಲ್ಲ ಎಂಬುದು ಓದಿ ಗೊತ್ತಿತ್ತು. ಬೋರಿಕ್ ಪುಡಿ ಸಿಗುವುದು ಕೇರಂ ಬೋರ್ಡು ಮಾರುವ ಅಂಗಡಿಯಲ್ಲಿ. ನಾವು ಕೇಳಿದಷ್ಟನ್ನು ಕಟ್ಟಿಕೊಡುತ್ತಾ ಅಂಗಡಿಯವನು ಯಾವ ಟೂರ್ನಮೆಂಟ್ ಎಂದು ವಿಚಾರಿಸಿದ. ಅದ್ದಿ ಒಣಗಿಸಿದ ಒಂದು ಚೂರಿಗೆ ಅಕ್ಕೋರು ಕಡ್ಡಿ ಗೀರಿ ಹಿಡಿದರು. ಬಟ್ಟೆ ಕರಿಕಾಯಿತು, ಜ್ವಾಲೆ ಹತ್ತಲಿಲ್ಲ. ಅವರು ನನ್ನ ಕಡೆ ನೋಡಿ, ಓದಿದ್ದು ಅಷ್ಟರಮಟ್ಟಿಗೆ ಸಾರ್ಥಕವಾಯಿತು ಎಂದರು. ಅವರಿಂದ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದೇ.

ಬಿಲ್ಡಿಂಗಿನ ಹೆಂಗಸರೆಲ್ಲ ಹಳೆಯ ಸೀರೆ ಕೊಟ್ಟರು. ಕಾಕು ತಮ್ಮ ತೀರಿಹೋದ ಅತ್ತೆಯ ಒಂಬತ್ತು ಗಜದ ಸೀರೆಯನ್ನು ತಂದು ಹಾಕಿ, “ಸಾಸೂಬಾಯಿ ಜಿಂದಗೀಭರ್ ನನ್ನ ತಲೆ ಮೇಲೆ ಕೂತಿದ್ದರು. ಈಗ ಸ್ವಲ್ಪ ದಿನ ನಿಮ್ಮ ತಲೆ ಮೇಲೆ ಕೂರಲಿ,” ಅಂದರು. ಅವರು ಕೊಲ್ಹಾಪುರದವರು. ಅಕ್ಕೋರೊಂದಿಗೆ ಇಷ್ಟು ಕಾಲ ಇದ್ದು ಅವರಿಗೆ ಕನ್ನಡ ಬರುತ್ತಿತ್ತು. ನನ್ನ ಅಮ್ಮ ದಹಿಸರ್‌ನಿಂದ, ಯಾರಿಗೂ ಹೇಳದೆ, ನನ್ನ ಚೀಲದಲ್ಲಿ ಒಂದು ಸೀರೆ ಇಟ್ಟು ಕಳಿಸಿದಳು. ಮಾಸಿದ ಹಸಿರು, ಚಿಕ್ಕ ಮಾವಿನಕಾಯಿಗಳ ಅಂಚು.

ಆ ಚಳಿಗಾಲದ ಮಧ್ಯಾಹ್ನಗಳನ್ನು ನಾನು ಹೇಗೆ ವಿವರಿಸಲಿ? ನಾನು ಗೋಡೆಗೊರಗಿ ಓದುತ್ತಿದ್ದೆ. ಅಕ್ಕೋರು ನೆಲದ ಮೇಲೆ ಕೌದಿ ಹರಡಿಕೊಂಡು ಅಂಚಿನಿಂದ ನಡುವಿಗೆ ಹೊಲಿಯುತ್ತಾ ಬರುತ್ತಿದ್ದರು. ಸೂಜಿ ಪದರಗಳನ್ನು ದಾಟುವಾಗ ಆಗುವ ಸಣ್ಣ ಸದ್ದು ಮಾತ್ರ. ಒಂದು ಕೌದಿ ಮುಗಿಯುವಾಗ ಕೊನೆಯ ಮೂಲೆಯನ್ನು ಹಾಗೆಯೇ ಬಿಡುತ್ತಿದ್ದರು. ಅಡುಗೆಯ ಕಟ್ಟೆಯಿಂದ ಜೋಳದ ರೊಟ್ಟಿಯ ಒಂದು ಚೂರು ತಂದು ಆ ಮೂಲೆಯೊಳಗೆ ಇಟ್ಟು, ಮೇಲಿನಿಂದ ಹೊಲಿಗೆ ಮುಚ್ಚಿ, ಕೌದಿಯನ್ನು ಒಮ್ಮೆ ತಟ್ಟುತ್ತಿದ್ದರು. ಮಗುವಿಗೆ ಉಣಿಸಿ ಬೆನ್ನು ತಟ್ಟುವ ಹಾಗೆ. ಯಾಕೆಂದು ನಾನು ಕೇಳಿದೆ.

“ಕೌದಿ ಹಸದಿರಬಾರದವಾ. ಹಸದ ಕೌದಿ ನಿದ್ದಿ ಕೊಡೂದಿಲ್ಲ. ನಮ್ಮವ್ವ ಹಿಂಗ ಇಡತಿದ್ಲು, ಆಕಿ ಅವ್ವನೂ.”

ಮಾರ್ಚ್ ತಿಂಗಳಲ್ಲಿ ಕೌದಿಗಳು ಮೇಲೇರಿದವು. ಅದನ್ನು ನಾನು ಎಂದಿಗೂ ಮರೆಯಲಾರೆ. ಪಕಾಸಿಯಿಂದ ಪಕಾಸಿಗೆ ಪಟ್ಟಿಗಳನ್ನು ಬಡಗಿ ತಿರುಪು ಹಾಕಿ ಕೂರಿಸಿದ್ದ. ಮೊಳೆ ಬೇಡವೆಂದು ಅಕ್ಕೋರ ಕಟ್ಟಪ್ಪಣೆ. ಆ ಪಟ್ಟಿಗಳಿಗೆ ಕೌದಿಯನ್ನು ಕಟ್ಟಿ, ಒಂದಕ್ಕೊಂದನ್ನು ಜೋಡಿಸಿ ಹೊಲಿಯುವ ಕೆಲಸ ಅವರೇ ಮಾಡಬೇಕು. ಇಳಿಜಾರಿನ ತಗ್ಗಿನಲ್ಲಿ ಕೂರಲು ಆಗುವುದಿಲ್ಲ. ಅರವತ್ತು ದಾಟಿದ ಆ ಹೆಂಗಸು ಎರಡು ಟ್ರಂಕುಗಳ ಮೇಲೆ ಹಲಗೆ ಹಾಕಿ, ಅದರ ಮೇಲೆ ಅಂಗಾತ ಮಲಗಿ, ಮುಖದ ಮೇಲೆಯೇ ಹೊಲಿದರು. ಎರಡೂ ಕೈ ಮೇಲಕ್ಕೆ. ಬಾಯಿಯಲ್ಲಿ ದಾರ. ಕನ್ನಡಕದ ಮೇಲೆ ಹಳೆಯ ಧೂಳು ಉದುರುತ್ತಿದ್ದರೆ ಊದಿ ತೆಗೆದು ಮತ್ತೆ ಹೊಲಿಗೆ. ಬೇರೆ ಬೇರೆ ಹೆಂಗಸರ ಬಣ್ಣಗಳು ಅವರ ಕೈಯಡಿಯಲ್ಲಿ ಒಂದಾಗುತ್ತಾ ಮಾಡಿನ ನೆತ್ತಿಯ ಕಡೆ ಏರುತ್ತಿದ್ದವು. ನಾನು ಏಣಿಯ ಮೇಲೆ ನಿಂತು ದೀಪ ಹಿಡಿದಿದ್ದೆ. ಮನುಷ್ಯರೊಬ್ಬರು ಆಕಾಶದಂಥದ್ದೊಂದನ್ನು ಕೈಯಾರೆ ಮಾಡುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಏಪ್ರಿಲ್‌ನ ಒಂದು ಬೆಳಿಗ್ಗೆ ನಾನು ಬಂದಾಗ ಕಾಕು ಮೆಟ್ಟಿಲ ಮೇಲೆಯೇ ಸಿಕ್ಕಿ, ಮೇಲೆ ಇಲಿಗಳ ಮದುವೆ ನಡೆದಿದೆ, ಹೋಗಿ ನೋಡು ಎಂದರು. ಮಾಳಾದಲ್ಲಿ ಒಂದು ಕೌದಿ ಅರ್ಧ ಕಳಚಿ ಜೋತುಬಿದ್ದಿತ್ತು. ಎಲ್ಲ ಕಡೆ ನೂಲಿನ ಚಿಂದಿ, ಜೋಳದ ಹಿಟ್ಟಿನಂಥ ಪುಡಿ. ಒಂದರ ನಂತರ ಒಂದು ಮೂಲೆಯನ್ನು ಇಲಿಗಳು ಹುಡುಕಿಕೊಂಡು ಹೋಗಿದ್ದವು. ಅಪ್ಪ ಬರುವ ದಿನ ಆಗಲೇ ಗೊತ್ತಾಗಿತ್ತು.

ಅಕ್ಕೋರು ಕೆಳಗೆ ಬಾಗಿಲ ಬಳಿ ಕೂತಿದ್ದರು. ಕಾಕು ಹಿಂದೆಯೇ ಬಂದು, ಹಾಸಿಗೆಯ ಕೌದಿಯ ಮೇಲೆ ಮನುಷ್ಯರು ಮಲಗುತ್ತಾರೆ, ಅದಕ್ಕೆ ಇಲಿ ಹೆದರುತ್ತದೆ, ಖಾಲಿ ಮಾಳಾದಲ್ಲಿ ಜೋಳದ ಭಾಕರಿ ತೂಗುಹಾಕಿದರೆ ಅದು ಇಲಿಗೆ ಆಮಂತ್ರಣ ಅಲ್ಲವೇ ಎಂದು ಬೈದರು. ಅಕ್ಕೋರು ಹೌದೆಂದು ತಲೆಯಾಡಿಸಿದರು. ಅವರ ಮುಖದಲ್ಲಿ ಅವಮಾನವಾಗಲಿ, ದುಃಖವಾಗಲಿ ಇರಲಿಲ್ಲ. ಬಿಚ್ಚುವುದನ್ನು ಎಲ್ಲಿಂದ ಶುರುಮಾಡುವುದೆಂದು ಅವರು ಯೋಚಿಸುತ್ತಿದ್ದರು ಅಷ್ಟೆ.

ಹರಿದವನ್ನು ಮಾತ್ರ ಇಳಿಸಿದರೆ ಸಾಕಲ್ಲವೇ ಎಂದು ನಾನು ಕೇಳಿದೆ. ದಿನ ಕಡಿಮೆ ಇತ್ತು. ನನಗೆ ಟ್ಯೂಷನ್ ಕ್ಲಾಸಿನ ಬೋರ್ಡು ಕಣ್ಣ ಮುಂದೆ ಬರುತ್ತಿತ್ತು.

“ಒಂದರಾಗ ಅನ್ನ ಇದ್ರ ಎಲ್ಲಾ ಕೌದೀನೂ ಅನ್ನದ ಮನೀನ,” ಎಂದು ಅವರು ಏಣಿ ಹತ್ತಿದರು.

ಎಲ್ಲವನ್ನೂ ಇಳಿಸಿದರು. ಹರಿಯದ ಮೂಲೆಗಳನ್ನೂ ಬಿಚ್ಚಿ, ರೊಟ್ಟಿಯ ಚೂರುಗಳನ್ನು ತೆಗೆದು ಒಂದು ತಟ್ಟೆಯಲ್ಲಿಟ್ಟರು. ಆ ಮೂಲೆಗಳನ್ನು ತೊಳೆದು, ಮತ್ತೆ ಬಿಳಿಗಾರದ ನೀರಿನಲ್ಲಿ ಅದ್ದಿ, ಬಾಲ್ಕನಿಯ ತಂತಿಯ ಮೇಲೆ ಒಣಗಿಸಿದರು. ಹರಿದ ಕಡೆ ಹೊಸ ತೇಪೆ. ತಿಂಗಳುಗಟ್ಟಲೆ ಹೊಲಿದದ್ದನ್ನು ಹೀಗೆ ತಮ್ಮ ಕೈಯಿಂದಲೇ ತೆರೆಯುವಾಗ ಅವರ ಬೆರಳು ಹೊಲಿಯುವಾಗ ಎಷ್ಟು ಶಾಂತವಾಗಿತ್ತೋ ಅಷ್ಟೇ ಶಾಂತವಾಗಿತ್ತು. ನಾನು ಪರೀಕ್ಷೆಗೆ ಓದುತ್ತಾ ಎದುರಿಗಿದ್ದೆ. ಅಂಥ ಧೈರ್ಯವನ್ನು ನಾನು ಆ ಮೊದಲು ನೋಡಿರಲಿಲ್ಲ, ಆಮೇಲೂ ಹೆಚ್ಚು ನೋಡಿಲ್ಲ.

ತೇಪೆಗಳೆಲ್ಲ ಮುಗಿದವು. ಮೂಲೆಗಳು ಮಾತ್ರ ತೆರೆದೇ ಉಳಿದವು. ಅವುಗಳನ್ನು ಮುಚ್ಚಲು ಅವರ ಕೈ ಏಳಲಿಲ್ಲ. ಒಂದು ದಿನವಿಡೀ ಸೂಜಿ ಭುಜದ ಮೇಲೆಯೇ ಇತ್ತು. ಖಾಲಿ ಕೌದಿಯನ್ನು ಹೊಲಿದು ಮುಚ್ಚುವುದೆಂದರೆ ಅವರ ಅವ್ವ, ಅವ್ವನ ಅವ್ವ ಮಾಡದೆ ಇದ್ದದ್ದನ್ನು ಮಾಡುವುದು. ಕಾಕು ಕೂಡ ಅವತ್ತು ತಮಾಷೆ ಮಾಡಲಿಲ್ಲ. ಮಾರನೆಯ ದಿನ ನಾನು ಬರುವಷ್ಟರಲ್ಲಿ ಅಕ್ಕೋರು ಮೂಲೆಗಳನ್ನು ಮುಚ್ಚುತ್ತಿದ್ದರು. ತಲೆ ಎತ್ತದೆಯೇ ಹೇಳಿದರು.

“ಅವ್ವನ ಮಾತು ಅರ್ಧ ಇಟಗೊಂಡೆ. ಕೌದಿ ಹಸದಿರಲಿ. ಅದರ ಬುಡಕ ಬಂದವರು ಯಾರೂ ಹಸದು ಮಲಗಬಾರದು. ಅದರ ಪಾಲು ಅವರ ಹೊಟ್ಟಿಗೆ.”

ಮತ್ತೆ ಹಲಗೆ, ಮತ್ತೆ ಅಂಗಾತ ಮಲಗಿ ಹೊಲಿಗೆ. ಈ ಸಲ ಬೇಸಿಗೆಯ ಧಗೆಯಲ್ಲಿ. ಅಪ್ಪ ಬರುವ ಹಿಂದಿನ ಸಂಜೆ ಕೊನೆಯ ಗಂಟು ಬಿತ್ತು.

ಅಪ್ಪ ಮೇ ತಿಂಗಳ ಒಂದು ಮಧ್ಯಾಹ್ನ ಹೋಟೆಲಿನ ಗೋಳಿಬಜೆಯ ಪೊಟ್ಟಣ ಹಿಡಿದು ಬಂದರು. ಮೆಟ್ಟಿಲು ಹತ್ತಿ ಬೆವರಿದ್ದರು. ಅಕ್ಕೋರು ಪೊಟ್ಟಣವನ್ನು ಬಾಗಿಲಲ್ಲೇ ಇಸಿದುಕೊಂಡು, ತಿನ್ನುವುದು ಏನಿದ್ದರೂ ಕೆಳಗೆ, ಮೇಲೆ ಒಂದು ಕಾಳೂ ಹೋಗುವಂತಿಲ್ಲ ಎಂದರು. ಅಪ್ಪ ನನ್ನ ಕಡೆ ನೋಡಿ, “ಎಂಥ ಕಟ್ಟುನಿಟ್ಟು ಮಾರಾಯ್ತಿ,” ಎಂದು ಮೆಲ್ಲಗೆ ಹೇಳಿ ಏಣಿ ಹತ್ತಿದರು. ಚಾಪೆ ಹಾಸಿತ್ತು. ಒಂದು ಟೇಬಲ್ ಫ್ಯಾನ್ ಇತ್ತು. ಟ್ರಂಕಿನ ಮೇಲೆ ಬತ್ತಿ ಇತ್ತು.

ನಾವು ಕೆಳಗೆ ಕೂತೆವು. ಅಕ್ಕೋರು ಯಾರದೋ ಕುಪ್ಪಸಕ್ಕೆ ಗುಂಡಿಯ ಕಾಜ ಮಾಡುತ್ತಿದ್ದರು. ನಾನು ಪುಸ್ತಕ ತೆರೆದಿದ್ದೆ, ಓದಲಿಲ್ಲ. ಮೇಲೆ ಹಲಗೆ ಒಂದೆರಡು ಸಲ ಕಿರುಗುಟ್ಟಿತು. ಅಪ್ಪ ಮಗ್ಗುಲು ಬದಲಿಸುತ್ತಿದ್ದಾರೆ, ಈಗ ಎದ್ದು ಇಳಿಯುತ್ತಾರೆ ಎಂದುಕೊಂಡೆ. ಹೊರಗೆ ರಸ್ತೆಯೂ ಬಿಸಿಲಿಗೆ ಸುಮ್ಮನಾಗಿತ್ತು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಇಲ್ಲ. ನನಗೆ ಬೆಳಗಾವಿಯ ಆ ಹುಡುಗಿಯ ನೆನಪಾಯಿತು. ಅಕ್ಕೋರಿಗೂ ಆಗಿರಬೇಕು, ಅವರ ಸೂಜಿ ನಿಂತಿತ್ತು.

ಆಗ ಮೇಲಿನಿಂದ ಗೊರಕೆ ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ನಮ್ಮ ದಹಿಸರ್ ಮನೆಯಲ್ಲಿ ರಾತ್ರಿ ಎಲ್ಲರನ್ನೂ ಎಬ್ಬಿಸುವ ಪೂರ್ಣ ಗೊರಕೆ. ಕಾಕು ಬಾಗಿಲಲ್ಲಿ ಇಣುಕಿ, “ಪಾಸ್?” ಎಂದರು. ಅಕ್ಕೋರು ತುಟಿಯ ಮೇಲೆ ಬೆರಳಿಟ್ಟರು. ಮತ್ತೆ ಕಾಜಕ್ಕೆ ತಲೆಬಾಗಿಸಿದರು. ಅವರ ಕಣ್ಣು ನನಗೆ ಕಾಣಲಿಲ್ಲ.

ಬಿಸಿಲು ಇಳಿದ ಮೇಲೆ ಅಪ್ಪ ಏಣಿ ಇಳಿದರು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ಗಂಟಲು ಸರಿಮಾಡಿಕೊಂಡು ಅಕ್ಕೋರಿಗೆ ಹೇಳಿದರು, “ಸೆಕೆ ಇಲ್ಲ ಅಂತಲ್ಲ. ಉಂಟು. ನಿದ್ದೆ ಬರುವಷ್ಟೇ ಉಂಟು.” ಅಕ್ಕೋರು ಏಣಿಯ ಅರ್ಧ ಹತ್ತಿ ಬತ್ತಿ ನೋಡಿ ಬಂದರು. ಆಮೇಲೆ ಅಪ್ಪನ ಮುಂದೆ ರೊಟ್ಟಿ, ಶೇಂಗಾ ಚಟ್ನಿ ಇಟ್ಟರು.

ಮನೆಗೆ ಹೋದ ಮೇಲೆ ಅಪ್ಪ ಅಮ್ಮನನ್ನು ಕೇಳಿದ್ದು ಒಂದೇ ಮಾತು. ಆ ಹಸಿರು ಸೀರೆಯನ್ನು ಯಾವಾಗ ಕೊಟ್ಟೆ? ಮಲಗಿದವರಿಗೆ ಅದೇ ಕಣ್ಣಿಗೆ ಬಿದ್ದಿತ್ತು. ಅಮ್ಮ ಮಗುವನ್ನು ತಟ್ಟುತ್ತಾ, ಕೊಡಲಿಲ್ಲ, ಮಗಳಿಗೆ ಹೊದಿಸಲಿಕ್ಕೆ ಕಳಿಸಿದೆ ಎಂದಳು.

ಜೂನ್‌ನಿಂದ ನಾನು ಆ ಮಾಳಾದಲ್ಲಿದ್ದೆ. ಮಳೆ ಹೆಂಚಿನ ಮೇಲೆ ಬೀಳುವ ಸದ್ದು ಕೌದಿಯನ್ನು ದಾಟಿ ಬರುವಾಗ ದೂರದ್ದಾಗುತ್ತಿತ್ತು. ಪ್ರತಿ ರಾತ್ರಿ ಏಣಿ ಹತ್ತುವ ಮೊದಲು ಕೆಳಗೆ ಕೂತು ರೊಟ್ಟಿಯ ಒಂದು ಚೂರನ್ನಾದರೂ ತಿನ್ನಲೇಬೇಕಿತ್ತು. ಗೆಳತಿಯರ ಜೊತೆ ಹೊರಗೆ ತಿಂದು ಬಂದಿದ್ದೇನೆ ಎಂದರೆ ಅವರು, “ನಿನ್ನ ಪಾಲು ತಿಂದೀ. ಕೌದೀದು?” ಎಂದು ತಟ್ಟೆ ಮುಂದಿಡುತ್ತಿದ್ದರು. ನಾನು ಎರಡನೇ ವರ್ಷ ಮುಗಿಸಿದೆ, ಹೋದ ಪೇಪರನ್ನೂ ಪಾಸು ಮಾಡಿದೆ. ನನ್ನ ನಂತರ ಬೇರೆ ಹುಡುಗಿಯರು ಬಂದರು. ಯಾರು ಎಷ್ಟು ಓದಿದರು ಎಂದು ಅವರು ಯಾರಿಗೂ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಕೌದಿಯಲ್ಲಿ ಎಲ್ಲಿ ದಾರ ಸಡಿಲವಾಗಿದೆ ಎಂಬುದನ್ನು ಮಾತ್ರ ಫೋನಿನಲ್ಲಿ ಹೇಳುತ್ತಿದ್ದರು.

ಕಾಕು ಫೋನ್ ಮಾಡಿದ ಮೇಲೆ ನಾನು ಹೋದೆ. ಎಲ್ಲ ಮುಗಿದಿತ್ತು. ಕೋಣೆಯ ಕೀಲಿ ಕಾಕುವಿನ ಬಳಿ ಇತ್ತು. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗುವ ಮಾತಿದೆ, ಹೋಗುವವರೆಗೆ ಮಾಳಾದ ಹುಡುಗಿ ಇರಲಿ ಎಂದು ಅಕ್ಕೋರು ಹೇಳಿ ಹೋಗಿದ್ದಾರೆ ಎಂದರು. ಹುಡುಗಿ ಮುಂಬಯಿಯಲ್ಲೇ ಬೆಳೆದವಳು, ಮನೆಯವರು ವಿಜಯಪುರದ ಕಡೆಯವರು. ಯಾವುದೋ ಪರೀಕ್ಷೆಗೆ ಓದುತ್ತಿದ್ದಳು. ನಾನು ಮೇಲೆ ಹೋಗಿ ನೋಡಬಹುದೇ ಎಂದು ಕೇಳಿದೆ.

ಮಧ್ಯಾಹ್ನದ ಹೊತ್ತು. ಬಣ್ಣಗಳೆಲ್ಲ ಮಾಸಿ ಒಂದಕ್ಕೊಂದು ಹತ್ತಿರವಾಗಿದ್ದವು. ಕಾಕುವಿನ ಅತ್ತೆಯ ಸೀರೆ ಯಾವುದು, ಅಮ್ಮನದು ಯಾವುದು ಎಂದು ಹುಡುಕಬೇಕಾಯಿತು. ಬತ್ತಿ ನೆಟ್ಟಗೆ ನಿಂತಿತ್ತು.

ಇಳಿದು ಚಪ್ಪಲಿ ಹಾಕಿಕೊಳ್ಳುವಾಗ ಹುಡುಗಿ ತಟ್ಟೆ ಹಿಡಿದು ಅಡ್ಡ ನಿಂತಳು. ತಟ್ಟೆಯಲ್ಲಿ ರೊಟ್ಟಿಯ ಒಂದು ತುಂಡು.

“ಏಕ್ ಟುಕ್ಡಾ ತಗೊಳ್ರಿ. ಮೇಲೆ ಹೋದವರು ತಿನ್ನದೆ ಹೋಗಬಾರದು. ಇಲ್ಲಿ ರೂಲ್ ಅದ.”

“ಯಾಕೆ ಅಂತ ಗೊತ್ತಾ?”

ಅವಳು ಕನ್ನಡವನ್ನು ಹುಡುಕಿದಳು. “ಪಕ್ಕಾ ಗೊತ್ತಿಲ್ಲ. ಮೇಲಿಂದು ಹಸದದ ಅಂತ ಅಕ್ಕೋರು ಅಂತಿದ್ರು. ನಾ ಯಾವ್ದೋ ದೇವಿ ಇರಬೇಕು ಅಂದ್ಕೊಂಡೆ. ಪೂಛಾ ನಹೀ, ಕೇಳಿಲ್ಲ.”

ನಾನು ಅವಳ ಕೈಯಿಂದ ತಟ್ಟೆ ತೆಗೆದುಕೊಂಡೆ. ಅಕ್ಕೋರು ಕೂರುತ್ತಿದ್ದ ಜಾಗದ ಪಕ್ಕದಲ್ಲಿ ಕೂತು ತಿಂದೆ. ತಿಂದ ಮೇಲೆ, ಇಲಿಗೆ ಒಂದು ಕಣವೂ ಸಿಗದಂತೆ, ನೆಲಕ್ಕೆ ಬಿದ್ದ ಪುಡಿಯನ್ನು ಬೆರಳಿನ ತುದಿಗೆ ಒತ್ತಿ ಒತ್ತಿ ಆರಿಸಿಕೊಂಡೆ.